ಪೋರ್ಟ್ ಸಿಗವಲ್ದು

ಕಿಡಕ್ಯಾಗ ನಿಂತು ನೋಡಿದರ
ಅಲ್ಲೇ ಐತಿ ಪೋರ್ಟು.
ಕ್ರೇನಿನ ತಲಿಮ್ಯಾಲ ದೀಪ,
ಕಲ್ಲಿದ್ದಲ ಧೂಳು ಹೊದ್ಕೊಂಡ ಗೋದಾಮು,
ಹೊರಗ ಆಳ ನೀರಾಗ ಸರದಿ ಕಾಯ್ಕೋತ
ಎರಡು ಹಡಗ.
ಒಳಗ ಈ ಕಂಪ್ಯೂಟರಿನ್ಯಾಗ ಮಾತ್ರ
ಪೋರ್ಟ್ ಸಿಗವಲ್ದು ಅಂತ ಕೆಂಪಕ್ಷರ.

ಮೂವತ್ತೊಂದು ವರ್ಷ ಮೋಟಾರು ಸುತ್ತಿದ ಕೈ ಇದು.
ಬಾವಿ ಪಂಪು, ಮಿಕ್ಸರು, ಐಸ್ ಫ್ಯಾಕ್ಟರಿಯ ಬ್ಲೋವರು,
ಉಪ್ಪು ತಿಂದು ಬಂದ ಟ್ರಾಲರಿನ ಪಂಪು,
ಯಾವುದಾದ್ರೂ ಮೂಸಿದರ ಸಾಕು,
ವಾರ್ನಿಶ್ ಸುಟ್ಟೈತೋ, ಬೇರಿಂಗ್ ಹಿಡಿದೈತೋ
ಮೂಗ ಹೇಳ್ತಿತ್ತು.
ಇದನ್ನೂ ಮೂಸಿದೆ.
ಬೆರಳಿನುದ್ದದ ಕರೇ ಹಲಗಿ.
ಏನೂ ವಾಸನಿ ಇಲ್ಲ.

ಕೆಲಸ ಅಂದರ ಭಾಳ ಸಣ್ಣದು.
ಮಂಗೋರ ಹಿಲ್ಲಿಗೆ ನಳದ ನೀರು
ರಾತ್ರಿ ಯಾವಾಗ ಏರ್ತೈತೋ ನೀರಿಗೂ ಗೊತ್ತಿಲ್ಲ.
ಪೈಪಿನ್ಯಾಗ ಮೊದಲ ಗಾಳಿ ಉಸ್ ಅಂದ್ಕೂಡ್ಲೇ
ತಲಿದಿಂಬಿನ ಹಂತೇಕ ಒಂದು ಗಂಟಿ ಬಾರಿಸಬೇಕು.
ಇಷ್ಟಕ್ಕ ನಮ್ಮ ನೀಲವ್ವ ಇಪ್ಪತ್ತು ವರ್ಷ
ಒಂದು ಕಿವಿ ಎಚ್ಚರ ಇಟ್ಕೊಂಡ ಮಲಗ್ಯಾಳ.

ಹಲಗಿ ಕೆಂಪು ದೀಪ ಉರಿಸ್ತೈತಿ. ಜೀವ ಐತಿ.
ಮಾತಿಲ್ಲ.

ಮ್ಯಾಲಿನ ಮನಿ ಮೆಲಿಟಾ ಇಳದು ಬಂದ್ಲು, ಡಿಪ್ಲೊಮಾ ಹುಡುಗಿ.
"ಅಂಕಲ್, ಡ್ರೈವರ್ ಹಾಕೀರೇನು?"
ಡ್ರೈವರ್ ಅಂದರ ನನಗ ಟ್ಯಾಂಕರಿನ ಬಸ್ತ್ಯಾಂವ್,
ಫೋನ್ ಎತ್ತೂದಿಲ್ಲ ಅಂವ.
ಇದು ಬ್ಯಾರೇ ಡ್ರೈವರ್ ಅಂತ. ಹಾಕಿದ್ವಿ.
ತಗದು ಮತ್ತ ಹಾಕಿದ್ವಿ.
ಕಂಪ್ಯೂಟರ್ ಮಲಗಿಸಿ ಎಬ್ಬಿಸಿದ್ವಿ.
ಎಡಗಡೆ ತೂತು ಆತು, ಬಲಗಡೆ ತೂತು ಆತು,
ಊದುಗೊಳವಿಲೆ ಧೂಳನೂ ಊದಿದೆ.
"ಬೋರ್ಡೇ ಸತ್ತಿರಬೇಕು ಅಂಕಲ್."
ದೀಪ ಹಚ್ಕೊಂಡು ಕುಂತ ಹೆಣ
ನಾ ಎಲ್ಲೂ ನೋಡಿಲ್ಲ, ಬಾಯಿ.

ಪಣಜಿಯಿಂದ ಇನ್ನೊಂದು ತರಿಸಿದೆ,
ನಾಕನೂರಾ ಎಂಬತ್ತು.
ಅದೂ ಮೂಕ.

ಒಂದು ಕೆಟ್ಟರ ಹಲಗಿ ತಪ್ಪು.
ಎರಡೂ ಕೆಟ್ಟರ ಹಲಗಿದಲ್ಲ ತಪ್ಪು.
ಇದನ್ನ ನಾನು ಎಷ್ಟು ಹುಡುಗರಿಗೆ ಅಂಗಡ್ಯಾಗ ಕಲಿಸೀನಿ,
ಎಷ್ಟು ಮಂದಿಗೆ ಬೈದೀನಿ.
ಹಂಗ ಕುಂತಾಗ ಒಳಗಿಂದ, ರೊಟ್ಟಿ ತಟ್ಕೋತ, ಆಕಿ:
"ಆ ಬೂದು ವಯರು ನಂದಲ್ಲೇನು?
ಹ್ವಾದ ದಸರಾಕ್ಕ ಅದರಲೆ ಫೋಟೋ ತಗ್ಯಾಕ ಹೋದ್ರ ಬರಲಿಲ್ಲ.
ಅದು ಬರೇ ಚಾರ್ಜ್ ತುಂಬ್ತೈತಿ."

"ಮದ್ಲ ಹೇಳಬಾರದೇನ?"
"ಮದ್ಲ ಯಾವಾಗ ಕೇಳಿದ್ರಿ?"

ಚೂರಿಲೆ ವಯರು ಸೀಳಿದೆ.
ನಾಕು ಎಳಿ ಇರಬೇಕಾದಲ್ಲಿ ಎರಡು,
ಕೆಂಪು, ಕರಿ.
ಹಸರಿಲ್ಲ, ಬಿಳಿ ಇಲ್ಲ.
ಹೊಟ್ಟಿಗಿ ಹಾಕೂ ದಾರಿ ಐತಿ,
ಮಾತಿನ ದಾರಿ ಹಾಕೇ ಇಲ್ಲ ಮಾಡಿದಾಂವ.
ಮೂರು ದಿನ ಉಣಿಸೀನಿ. ಉಂಡೈತಿ.
ಮತ್ತ ಯಾಕ ಮಾತಾಡವಲ್ಲಿ ಅಂತ
ನಾನ ಬೈದೀನಿ.

ರೊಟ್ಟಿ ಸಪ್ಪಳ ಕೇಳ್ಕೋತ
ಸ್ವಲ್ಪ ಹೊತ್ತು ಸುಮ್ಮನ ಕುಂತೆ.

ಸ್ಟೇಶನ್ ಮುಂದಿನ ಮೊಬೈಲ್ ಗಾಡ್ಯಾಂವನ ಹಂತೇಕ
ಒಂದಲ್ಲ ಮೂರು ಸಲ ಕೇಳಿ ತಂದೆ:
ಮಾತು ಹೋಗೂ ವಯರು ಕೊಡಪಾ.
ಚುಚ್ಚಿದ್ಕೂಡ್ಲೇ ಕಂಪ್ಯೂಟರ್ ಟಿಣ್ ಅಂತು.
ಪೋರ್ಟ್ ಸಿಕ್ತು.
ಆಮ್ಯಾಲ ಬರೇ ಚುಕ್ಕಿ, ಚುಕ್ಕಿ, ಚುಕ್ಕಿ,
ಒಂದು ಸಾಲ ತುಂಬ ಚುಕ್ಕಿ, ನಡುವ ಗೆರಿ.
"ಆ ಬಲಗಡೆ ಗುಂಡಿ ಒತ್ತಿ ಹಿಡೀರಿ ಅಂಕಲ್,
ಹಿಡಕೊಳ್ಳೂತನಕ ಬಿಡಬ್ಯಾಡ್ರಿ."
ನನ್ನ ಹೆಬ್ಬೆರಳಿಗೆ ಎರಡೂ ಗುಂಡಿ ಒಮ್ಮಿಗೇ ಸಿಕ್ವು.
ಮತ್ತ ಮಾಡಿದೆ, ಮತ್ತ ಎರಡೂ.
ಕಡೀಕ ನೀಲವ್ವ ಹಿಟ್ಟಿನ ಕೈಲೇ ಬಂದು
ಉಗುರಿಲೆ ಒತ್ತಿ ಹಿಡದ್ಲು.
ಏಳು. ಇಪ್ಪತ್ತೆರಡು. ಅರವತ್ತು.
ನೂರು.
ಬಿಡಂದ್ರೂ ಬಿಡಲಿಲ್ಲ.

ರಾತ್ರಿ ಮೂರೂ ಹತ್ತು.
ಪೈಪಿನ್ಯಾಗ ಏನೋ ಎದಿ ಎಳದಂಗಾತು.
ಕಣ್ಣು ತಗದರ ಆಕಿ ಆಗಲೇ ಎದ್ದು ಕುಂತಾಳ,
ಕೊಡಕ್ಕ ಕೈ ಹಾಕಿಲ್ಲ,
ಗಂಟಿ ಕಡೆ ನೋಡ್ಕೋತ.
"ಬಂತೇನ?" ಅಂದೆ.
"ತಡೀರಿ," ಅಂದ್ಲು,
"ಅದು ಹೇಳಲಿ."